ಪಟ್ಟಿಯಿಲ್ಲದ ರೀಲು

ಕಾರ್ಖಾನೆಯ ಹೊಗೆಯ ಬಗ್ಗೆ ನಡೆಯಲಿದ್ದ ಸಾರ್ವಜನಿಕ ವಿಚಾರಣೆಯ ಹಿಂದಿನ ದಿನ ಗಿಣಿಗೇರಾದ ಅಫ್ಸಾನಾ ಕೊಪ್ಪಳದ ನಮ್ಮ ಕಚೇರಿಗೆ ಬಂದು, ತೊಳೆದ ಫಿಲ್ಮೊಂದನ್ನು ಪತ್ತೇದಾರಿ ಮಲ್ಲೇಶ್ವರಿಯವರ ಮುಂದಿಟ್ಟಳು. ಚಿತ್ರಗಳೆಲ್ಲ ತೀರ ಮಸುಕು. ಊರ ಪಕ್ಕದ ಕಾರ್ಖಾನೆ ಉಗುಳುವ ಹೊಗೆಯನ್ನು ಅವಳು ಸೆರೆಹಿಡಿದಿದ್ದಳು. ಹಿಂದೆ ಮೊಬೈಲ್ ಫೋಟೋ ತೋರಿಸಿದಾಗ, ಕಂಪ್ಯೂಟರಿನಲ್ಲಿ ಮಾಡಿದ್ದೆಂದು ಕಂಪನಿಯವರು ನಕ್ಕಿದ್ದರಂತೆ. ಅದಕ್ಕೇ ಈ ಸಲ ಆಟೋಮ್ಯಾಟಿಕ್ ರೀಲ್ ಕ್ಯಾಮೆರಾ, ಹೈದರಾಬಾದಿನಿಂದ ತರಿಸಿದ ವಿಶೇಷ ಫಿಲ್ಮು.

"ಗಂಗಾವತಿ ಸ್ಟುಡಿಯೋದ ಮೌಲಾಹುಸೇನ ಚಾಚಾ ತೊಳಿಯೂದ್ರಾಗ ಕೆಡಿಸ್ಯಾರ ಅಂತ ಊರಾಗ ಮಾತಾಡ್ತಾರ. ನಾ ನಂಬೂದಿಲ್ರಿ, ಅಕ್ಕಾರ," ಎಂದಳು.

ಮಲ್ಲೇಶ್ವರಿಯವರು ಒಂದೊಂದೇ ಕೇಳಿ ತಿಳಿದುಕೊಂಡರು. ಸಾಮಾನ್ಯ ಫಿಲ್ಮಿನ ಡಬ್ಬಿಯ ಮೇಲೆ ಬೆಳ್ಳಿ-ಕಪ್ಪು ಚೌಕಗಳಿರುತ್ತವೆ. ಕ್ಯಾಮೆರಾ ಅವುಗಳಿಂದ ಫಿಲ್ಮಿನ ವೇಗವನ್ನು, ಅಂದರೆ ಅದಕ್ಕೆ ಎಷ್ಟು ಬೆಳಕು ಬೇಕೆಂಬುದನ್ನು ಅರಿಯುತ್ತದೆ. ಈ ಫಿಲ್ಮಿನ ಡಬ್ಬಿ ಬೋಳು. ಗುರುತು ಸಿಗದಿದ್ದರೆ ಅವಳ ಕ್ಯಾಮೆರಾ ವೇಗ ನೂರೆಂದೇ ಹಿಡಿಯುತ್ತದೆ. ಇದರದೋ ಬರೀ ಇಪ್ಪತ್ತೈದು, ನಾಲ್ಕು ಪಟ್ಟು ಬೆಳಕು ಬೇಕು. ಆದ್ದರಿಂದ ಅಫ್ಸಾನಾ ಇಪ್ಪತ್ತೈದರ ಗುರುತು ಮೂಡುವಂತೆ ಬೆಳ್ಳಿ ಹಾಳೆಯ ಪಟ್ಟಿ ಕತ್ತರಿಸಿ ತನ್ನ ಡಬ್ಬಿಗೆ ಅಂಟಿಸಿದ್ದಳು. ತರಿಸಿದ್ದು ಎರಡು ರೀಲು. ಇನ್ನೊಂದನ್ನು ಕಾರ್ಖಾನೆ ವಿರುದ್ಧದ ಹೋರಾಟದ ಗೆಳೆಯ ಗವಿಸಿದ್ದೇಶ ಇಟ್ಟುಕೊಂಡಿದ್ದ. ಅವನ ಬಳಿಯೂ ಅಂಥದೇ ಕ್ಯಾಮೆರಾ ಇತ್ತು. ಅವಳ ರೀಲನ್ನು ಗಂಗಾವತಿಗೆ ಮುಟ್ಟಿಸಿದವನೂ ಅವನೇ.

ಅಂದೇ ಮಧ್ಯಾಹ್ನ ಮೌಲಾಹುಸೇನರ ಸ್ಟುಡಿಯೋದಲ್ಲಿ ಎಲ್ಲರೂ ಸೇರಿದೆವು. ಮಲ್ಲೇಶ್ವರಿಯವರ ಸೂಚನೆಯಂತೆ ಗವಿಸಿದ್ದೇಶ ತನ್ನ ರೀಲನ್ನೂ ತಂದಿದ್ದ. ಅದನ್ನಿನ್ನೂ ಬಳಸಿಯೇ ಇಲ್ಲ, ಅಫ್ಸಾನಾಳ ರೀಲು ಬಿಸಿಲಿಗೆ ಕೆಟ್ಟಿರಬೇಕು ಎಂದ.

"ಬೆಳಕು ಹೊಕ್ಕಿದ್ರ ನೆಗೆಟಿವ್ ಕರ್ರಗಾಗ್ತಿತ್ತು," ಎಂದರು ಮಲ್ಲೇಶ್ವರಿ. "ಇದು ತೆಳ್ಳಗೈತಿ. ಬೇಕಾದ ಬೆಳಕಿನ ಕಾಲುಭಾಗ ಅಷ್ಟೇ ಬಿದ್ದೈತಿ. ಅಂದ್ರ ಕ್ಯಾಮೆರಾ ಇದನ್ನ ನೂರು ಅಂತ ತಿಳದದ. ತೊಳದವರ ತಪ್ಪಲ್ಲ."

ಮೌಲಾಹುಸೇನರು ಆ ಫಿಲ್ಮಿನ ಖಾಲಿ ಡಬ್ಬಿ ತಂದುಕೊಟ್ಟರು. ಅದರ ಮೇಲೆ ಪಟ್ಟಿಯಿಲ್ಲ, ಅಂಟಿನ ಕಲೆಯೂ ಇಲ್ಲ. ತನ್ನದು ಇದಲ್ಲವೆಂದು ಅಫ್ಸಾನಾ ಒಡನೆಯೇ ಹೇಳಿದಳು. ಮಲ್ಲೇಶ್ವರಿಯವರು ಗವಿಸಿದ್ದೇಶನ ಕೈಯಲ್ಲಿದ್ದ ಪ್ಲಾಸ್ಟಿಕ್ ಕರಡಿಗೆಯನ್ನು ಇಸಿದುಕೊಂಡು ಮುಚ್ಚಳ ತೆಗೆದರು.

"ಹೊಸಾ ರೀಲಿನ ತುದಿ ನಾಲಿಗಿ ಹಂಗ ಹೊರಗಿರತದ. ಆಟೋಮ್ಯಾಟಿಕ್ ಕ್ಯಾಮೆರಾ ರೀಲು ಮುಗದಮ್ಯಾಲೆ ಅದನ್ನ ಒಳಗೆ ಎಳಕೊಂತದ. ಇದರ ನಾಲಿಗಿ ಒಳಗೈತಿ. ಬೆಳ್ಳಿ ಪಟ್ಟೀನೂ ಐತಿ. ದಾರ್ಯಾಗ ಬದಲಿ ಮಾಡೀಯಲ್ಲೋ?"

ಗವಿಸಿದ್ದೇಶ ಒಪ್ಪಿಕೊಂಡ. ಅವನ ತಮ್ಮನನ್ನು ಕಾರ್ಖಾನೆಯ ಕೆಲಸದಿಂದ ತೆಗೆಯುವುದಾಗಿ ಕಂಪನಿಯವರು ಹೆದರಿಸಿದ್ದರಂತೆ. ತನ್ನ ರೀಲಿನಲ್ಲಿ ಹೊಗೆಯಿಲ್ಲದ ಆಕಾಶವನ್ನು ತೆಗೆದು, ಅವಳದರ ಬದಲು ಅದನ್ನೇ ಸ್ಟುಡಿಯೋಗೆ ಕೊಟ್ಟಿದ್ದ. ಪಟ್ಟಿ ಏಕೆಂಬುದು ತಿಳಿಯದೆ ತನ್ನದಕ್ಕೆ ಅಂಟಿಸಿರಲಿಲ್ಲ.

"ನಂದು ಸುಡಬೇಕಿತ್ತಲ್ಲ, ಯಾಕ ಸುಡಲಿಲ್ಲ?" ಅಫ್ಸಾನಾ ಕೇಳಿದಳು.

"ಕೈ ಬರಲಿಲ್ಲ," ಎಂದ ಅವನು.

ಮೌಲಾಹುಸೇನರು ಆ ರೀಲು ಹಿಡಿದು ಕತ್ತಲೆ ಕೋಣೆಗೆ ಹೋದರು.

ಮರುದಿನ ವಿಚಾರಣೆಯಲ್ಲಿ ಹೊಗೆಯ ಚಿತ್ರ ಮೇಜಿನ ಮೇಲಿತ್ತು. ಚಿಮಣಿಯ ಮೇಲೆ ಬರೆದ ಸಂಖ್ಯೆಯೂ ಓದಲು ಬರುತ್ತಿತ್ತು. ಇಂಥ ಚಿತ್ರದಿಂದ ಕಂಪನಿಯ ಮಾನ ಹೋಗುತ್ತದೆ, ಕೇಸು ಹಾಕುತ್ತೇವೆ ಎಂದು ಕಂಪನಿಯ ವಕೀಲರು ಗುಡುಗಿದರು.

ಅಫ್ಸಾನಾ ನೆಗೆಟಿವನ್ನು ಅಧಿಕಾರಿಯ ಕೈಗಿತ್ತು, ವಕೀಲರತ್ತ ತಿರುಗಿದಳು.

"ಹಾಕ್ರಿ. ಹೊಗಿ ಬಿಟ್ಟವರು ನೀವು. ನಾ ಬರೇ ನೋಡೀನಿ. ಇನ್ನೂ ನೋಡ್ತೀನಿ."