ಅಪ್ಪನ ಐದು ಆಟೀನು

“ನಿರ್ಣಾಯಕರೇ, ಸ್ವಲ್ಪ ಇಲ್ಲಿ ಬನ್ನಿ!”

ಬೋಯೆನ್ ಕೈ ಎತ್ತಿದ. ಸುತ್ತಲಿನ ಮೇಜುಗಳಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಸುಯುನ್ ಆ ಕೈಯನ್ನೇ ನೋಡಿದಳು. ಆರು ತಿಂಗಳಿಂದ ಪ್ರತಿ ಶನಿವಾರ ಕದ್ದು ಕದ್ದು ನೋಡುತ್ತಿದ್ದ ಕೈ ಅದು. ತೈನಾನ್‌ನ ಇಸ್ಪೀಟ್ ಕ್ಲಬ್ಬಿನಲ್ಲಿ ಅವರಿಬ್ಬರನ್ನು ಛೇಡಿಸದವರೇ ಇರಲಿಲ್ಲ. ಇವತ್ತು ಅದೇ ಕೈ ಅವಳ ಅಪ್ಪನ ವಿರುದ್ಧ ಮೇಲೆದ್ದಿತ್ತು!

“ಏನಾಯ್ತು?” ಎಂದ ನಿರ್ಣಾಯಕ.

“ಮೇಷ್ಟ್ರು ಮೊದ್ಲು ಆಟೀನು ಅಂದಿದ್ರು. ನಾನು ನಾಲ್ಕು ಇಸ್ಪೀಟು ಅಂದೆ. ಸುಯುನ್ ತುಂಬಾ ಹೊತ್ತು ತಗೊಂಡು ಪಾಸ್ ಅಂದ್ರು. ನನ್ನ ಜೊತೆಗಾರರೂ ಪಾಸ್. ಆಮೇಲೆ ಮೇಷ್ಟ್ರು ಐದು ಆಟೀನು ಅಂದಿದಾರೆ.”

“ಹೌದೇನಮ್ಮ? ತಡ ಆಯ್ತಾ?”

ಸುಯುನ್ ತಲೆ ತಗ್ಗಿಸಿದಳು. ಉತ್ತರ ಕೊಟ್ಟದ್ದು ಅಪ್ಪ, ಲಾಯ್ ಮೇಷ್ಟ್ರು. “ಆಯ್ತು. ತಡ ಆಯ್ತು.”

ಬ್ರಿಡ್ಜ್ ಆಟದಲ್ಲಿ ಎದುರುಬದುರು ಕೂತವರೇ ಜೊತೆಗಾರರು; ಇಲ್ಲಿ ಅಪ್ಪ-ಮಗಳು ಒಂದು ಜೋಡಿ. ಕೈಯಲ್ಲಿ ಏನಿದೆ ಎಂದು ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳುವಂತಿಲ್ಲ, ಸನ್ನೆ ಮಾಡುವಂತಿಲ್ಲ. ಯಾವ ರಂಗಿನಲ್ಲಿ, ಇಸ್ಪೀಟೋ ಆಟೀನೋ, ಎಷ್ಟು ಗೆಲ್ಲುತ್ತೇವೆಂದು ಸರದಿಯಂತೆ ಚೀಟಿ ಇಡುವುದಷ್ಟೇ. ಜೊತೆಗಾರ ತಡಮಾಡಿ ಪಾಸ್ ಎಂದರೆ ಅವನ ಕೈಯಲ್ಲಿ ಏನೋ ಇದೆ ಎಂದು ತಿಳಿದುಹೋಗುತ್ತದೆ. ತಿಳಿದರೂ ಅದನ್ನು ಬಳಸಿಕೊಳ್ಳಬಾರದು. ತೈನಾನ್‌ನ ಅರ್ಧ ಊರಿಗೆ ಈ ನಿಯಮ ಕಲಿಸಿದವರೇ ಲಾಯ್ ಮೇಷ್ಟ್ರು. ಬೋಯೆನ್ ಕೂಡ ಅವರ ಶಿಷ್ಯನೇ.

ನಿಮ್ಮಿಂದ ಮುಚ್ಚಿಡುವುದೇಕೆ? ಸುಯುನ್‌ಗೆ ಅಂದು ಯೋಚಿಸುವುದೇನೂ ಇರಲಿಲ್ಲ. ಅವಳ ಕೈಯಲ್ಲಿ ನಾಲ್ಕು ಆಟೀನು, ಒಂದು ಎಕ್ಕ. ತಾನೇ ಐದು ಎನ್ನಲು ಧೈರ್ಯವಿಲ್ಲ, ಸುಮ್ಮನೆ ಬಿಡಲು ಮನಸ್ಸಿಲ್ಲ. ಅಪ್ಪನ ಯಕೃತ್ತಿನ ಕಾಯಿಲೆ ಕೊನೆಯ ಹಂತದಲ್ಲಿತ್ತು. ವರ್ಷಕ್ಕೊಮ್ಮೆ ನಡೆಯುವ ಈ ಪಂದ್ಯದ ಕಪ್ಪಿಗಾಗಿ ಮೂವತ್ತು ವರ್ಷ ಕಾದವರು, ಎರಡು ಸಲ ಕೂದಲೆಳೆಯಲ್ಲಿ ಸೋತವರು. ಇನ್ನೊಂದು ಸಲ ಬರುವಂತಿರಲಿಲ್ಲ.

ನನ್ನ ಕೈ ಖಾಲಿಯಿಲ್ಲಪ್ಪಾ... ಗೊತ್ತಾಗ್ಲಿ ನಿಮಗೆ!

ಹಾಗೆಂದುಕೊಂಡೇ ಅವಳು ಬೇಕೆಂದು ತಡಮಾಡಿದ್ದಳು.

ಆಟ ಮುಂದುವರಿಯಿತು. ಅಪ್ಪ ಐದು ಆಟೀನು ಗೆದ್ದೂಬಿಟ್ಟರು! ಆದರೆ ನಿರ್ಣಾಯಕ ಅಪ್ಪನ ಎಲೆಗಳನ್ನು ಮೂವರು ಹಿರಿಯ ಆಟಗಾರರಿಗೆ ತೋರಿಸಿ ಕೇಳಿಕೊಂಡು ಬಂದ. ಇಬ್ಬರು ಐದು ಎಂದರಂತೆ, ಒಬ್ಬರು ಪಾಸ್ ಎಂದರಂತೆ. ಪಾಸ್ ಎನ್ನಲೂ ದಾರಿಯಿದ್ದಾಗ, ಮಗಳು ತಡಮಾಡಿದ ಮೇಲೆ ಅಪ್ಪ ಮುಂದೆ ಹೋಗುವಂತಿರಲಿಲ್ಲ. ಆ ಗೆಲುವನ್ನು ಅಳಿಸಿದರು. ಕಪ್ ಬೇರೆಯವರ ಪಾಲಾಯಿತು.

ಮೇಷ್ಟ್ರು ಎದ್ದು ಬೋಯೆನ್‌ನ ಕೈ ಕುಲುಕಿದರು.

ಸುಯುನ್ ಹೊರಗೆ ಅವನನ್ನು ಅಡ್ಡಗಟ್ಟಿದಳು.

“ಅಪ್ಪನಿಗೆ ಇನ್ನು ಮೂರು ತಿಂಗಳು ಅಂತ ನಿಮಗೆ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು.”

“ಗೊತ್ತಿದ್ದೂ ಕೈ ಎತ್ತಿದ್ರಾ? ನೀವು ಮನುಷ್ಯರಾ?”

ಬೋಯೆನ್ ಒಂದು ಹೆಜ್ಜೆ ಮುಂದೆ ಬಂದ.

“ಇನ್ನು ನನ್ನ ಕಣ್ಣಿಗೆ ಬೀಳ್ಬೇಡಿ!”

ಹನ್ನೊಂದು ವಾರಕ್ಕೆ ಮೇಷ್ಟ್ರು ತೀರಿಕೊಂಡರು. ಅಂತಿಮ ನಮನಕ್ಕೆ ಬಂದವರಿಗೆಲ್ಲ ಊದುಬತ್ತಿ ಹಚ್ಚಿ ಕೈಗೆ ಕೊಟ್ಟ ಸುಯುನ್, ಬೋಯೆನ್‌ಗೆ ಮಾತ್ರ ಕೊಡಲಿಲ್ಲ. ಅವನು ಬರಿಗೈಯಲ್ಲೇ ಮೂರು ಸಲ ಬಾಗಿ ಹೊರಟುಹೋದ.

ಆಮೇಲೆ ಎರಡು ವರ್ಷ ಅವಳು ಎಲೆ ಮುಟ್ಟಲಿಲ್ಲ. ಎಲ್ಲ ಅವನಿಂದಲೇ... ಅವನೊಬ್ಬ ಸುಮ್ಮನಿದ್ದಿದ್ದರೆ ಅಪ್ಪ ನಗುತ್ತಾ ಹೋಗುತ್ತಿದ್ದರು! ದಿನಕ್ಕೆ ಹತ್ತು ಸಲ ಇದನ್ನೇ ಹೇಳಿಕೊಳ್ಳುತ್ತಿದ್ದಳು. ಒಂದು ದಿನ ನಿಲ್ಲಿಸಿದರೂ ತಾನು ಬೇಕೆಂದೇ ತಡಮಾಡಿದ್ದು ನೆನಪಾಗುತ್ತಿತ್ತು. ಅದನ್ನು ನುಂಗಿಕೊಂಡೇ ಬದುಕುತ್ತಿದ್ದಳು ಪಾಪ.

ಕೊನೆಗೆ ಅವಳನ್ನು ಕ್ಲಬ್ಬಿಗೆ ಎಳೆದು ತಂದದ್ದು ಮಿಂಗ್‌ಜು ಆಂಟಿ. ಕ್ಲಬ್ಬಿನ ಕೆಳಗೇ ಆಂಟಿಯ ಮೀನುಗಂಜಿ ಅಂಗಡಿ. ಆ ಪಂದ್ಯದಲ್ಲಿ ಬೋಯೆನ್‌ನ ಜೊತೆಗಾರ್ತಿಯೂ ಆಕೆಯೇ.

“ಬಾರೇ! ನಾಲ್ಕನೆಯವರಿಲ್ದೆ ಮೂರು ಜನ ನೊಣ ಹೊಡೀತಾ ಕೂತಿದ್ದೀವಿ.”

“ಬೇಡ ಆಂಟಿ... ಎಲ್ಲ ಮರ್ತಿದ್ದೀನಿ.”

“ಮರ್ತವರ ಜೊತೆ ಆಡಿದ್ರೇ ನಾನು ಗೆಲ್ಲೋದು, ನಡಿ!”

ಮೇಜಿನ ಬಳಿ ಕ್ಲಬ್ಬಿನ ಹಳಬರಾದ ಫಾಂಗ್ ಅಜ್ಜ ಇದ್ದರು. ಬೋಯೆನ್ ಇದ್ದ. ಸುಯುನ್ ತಿರುಗಿ ಹೋಗಬೇಕೆನ್ನುವಷ್ಟರಲ್ಲಿ ಆಂಟಿ ಅವಳ ಭುಜ ಒತ್ತಿ ಕೂರಿಸಿದ್ದಳು. ಜೋಡಿ ಯಾರ್ಯಾರೆಂದು ಎಲೆ ಎಳೆದು ನೋಡಿದರು. ಅವಳ ಪಾಲಿಗೆ ಬಂದವನು ಬೋಯೆನ್!

ಮೂರನೆಯ ಆಟದಲ್ಲಿ ಸುಯುನ್ ನಿಜವಾಗಿಯೂ ತಡವರಿಸಿದಳು. ರೂಢಿ ತಪ್ಪಿತ್ತು. ಎಲೆ ಎಣಿಸಿ, ಮತ್ತೆ ಎಣಿಸಿ, ಕೊನೆಗೆ ಪಾಸ್ ಎಂದಳು. ಸರದಿ ಬೋಯೆನ್‌ಗೆ ಬಂತು. ಅವನೂ ಪಾಸ್ ಎಂದ. ಆಂಟಿ ಸಲೀಸಾಗಿ ಗೆದ್ದಳು.

ಆಮೇಲೆ ಬೋಯೆನ್‌ನ ಎಲೆ ನೋಡಿ ಆಂಟಿ ಹಣೆ ಹಣೆ ಬಡಿದುಕೊಂಡಳು. “ಅಯ್ಯೋ ಪೆದ್ದಾ! ಇಷ್ಟು ಎಲೆ ಇಟ್ಕೊಂಡು ಪಾಸಾ? ನನ್ನ ಮೊಮ್ಮಗಳೂ ಮುಂದಕ್ಕೆ ಹೋಗಿರೋಳು!”

“ಹೋಗ್ಬಹುದಿತ್ತು ಆಂಟಿ. ಬಿಡ್ಲೂಬಹುದಿತ್ತು. ಸುಯುನ್ ತಡಮಾಡಿದ್ದು ನನಗೆ ಕಂಡ್ಬಿಡ್ತಲ್ಲ.”

“ಒಂದು ಬಟ್ಟಲು ಗಂಜಿ ಪಂದ್ಯಕ್ಕೂ ನಿನ್ನ ಧರ್ಮವಾ?”

“ಮೇಷ್ಟ್ರು ಕಪ್ಪಿಗೊಂದು, ಗಂಜಿಗೊಂದು ಅಂತ ಬೇರೆ ಬೇರೆ ಕಲಿಸ್ಲಿಲ್ಲ.”

ಸುಯುನ್‌ಗೆ ಕೂರಲಾಗಲಿಲ್ಲ. ಎದ್ದು ಮೆಟ್ಟಿಲ ಕಡೆ ಓಡಿದಳು. ಯಾರೂ ಕೇಳದ ಕಡೆಯೂ ಅವನು ಹೀಗೇ! ಅವನು ಅಂದು ಕೈ ಎತ್ತಿದ್ದು ಅಪ್ಪನ ಮೇಲಿನ ಹಗೆಗಲ್ಲ... ತನ್ನ ಆಟಕ್ಕೂ ಅದೇ ನಿಯಮ ಹಾಕಿಕೊಳ್ಳುವವನು.

ಹಿಂದೆ ಹೆಜ್ಜೆ ಸಪ್ಪಳ ಕೇಳಿಸಿತು.

“ಸುಯುನ್...”

“ಹತ್ರ ಬರ್ಬೇಡಿ! ಮೊದ್ಲು ನಾನು ಹೇಳೋದು ಕೇಳಿ.” ಅವಳು ಮೆಟ್ಟಿಲ ಮೇಲೆಯೇ ತಿರುಗಿ ನಿಂತಳು. “ಆವತ್ತು ನಂಗೆ ಯೋಚನೆ ಮಾಡೋದೇನೂ ಇರ್ಲಿಲ್ಲ. ಬೇಕಂತಲೇ ತಡಮಾಡಿದೆ. ಅಪ್ಪನಿಗೆ ಗೊತ್ತಾಗ್ಲಿ ಅಂತ... ಮೋಸ ಮಾಡಿದ್ದು ನಾನು, ಬೋಯೆನ್!”

ಅವನು ಮೆಲ್ಲಗೆ ಮೇಲಿನ ಮೆಟ್ಟಿಲ ಮೇಲೆ ಕೂತ.

“ಗೊತ್ತು.”

“...ಯಾವಾಗಿಂದ?”

“ಆವತ್ತಿಂದಾನೇ. ನೀನು ಯೋಚನೆ ಮಾಡುವಾಗ ಎಲೆ ನೋಡ್ತೀಯ. ಆವತ್ತು ಅಪ್ಪನ್ನ ನೋಡ್ತಿದ್ದೆ.”

“ನಿರ್ಣಾಯಕರಿಗೆ ಯಾಕೆ ಹೇಳ್ಲಿಲ್ಲ?”

“ತಡ ಆಗಿದ್ದು ಎಲ್ಲರೂ ಕಂಡಿದ್ದು. ಯಾಕೆ ಅನ್ನೋದು ನನ್ನ ಊಹೆ. ಊಹೆ ಹೇಳಿ ನಿನ್ನ ಹೆಸರು ಕೆಡಿಸ್ಲಾ?”

ಸುಯುನ್ ಕಂಬಿ ಹಿಡಿದುಕೊಂಡಳು. ಕೇಳಲು ಹೆದರುತ್ತಿದ್ದ ಪ್ರಶ್ನೆ ಒಂದೇ ಉಳಿದಿತ್ತು.

“ಅಪ್ಪನಿಗೆ...?”

“ಗೊತ್ತಿತ್ತು. ನೀನು ಕೆಲ್ಸಕ್ಕೆ ಹೋದ ಮೇಲೆ ನಾನು ಆಸ್ಪತ್ರೆಗೆ ಹೋಗ್ತಿದ್ದೆ. ಅವರೇ ಹೇಳಿದ್ರು.”

“ಏನಂದ್ರು? ಒಂದಕ್ಷರನೂ ಬಿಡ್ದೆ ಹೇಳಿ.”

“‘ನನ್ನ ಎಲೆ ಐದಕ್ಕೆ ಹೋಗೋ ಎಲೆನೇ ಕಣಯ್ಯ. ಅವಳು ಬೇಗ ಪಾಸ್ ಅಂದಿದ್ರೂ ಹೋಗ್ತಿದ್ನೇನೋ. ಆದ್ರೆ ಈಗ ನಂಗೇ ಗೊತ್ತಾಗ್ತಿಲ್ಲ, ಎಲೆ ನೋಡಿ ಹೇಳಿದ್ನೋ, ಮಗಳ ಮುಖ ನೋಡಿ ಹೇಳಿದ್ನೋ ಅಂತ. ನೀನು ಕೈ ಎತ್ತಿದ್ದು ಒಳ್ಳೇದಾಯ್ತು. ಇಲ್ದಿದ್ರೆ ಆ ಕಪ್ ನೋಡಿದಾಗಲೆಲ್ಲ ಅವಳು ತಲೆ ತಗ್ಗಿಸ್ಬೇಕಿತ್ತು’ ಅಂದ್ರು.”

ಸುಯುನ್ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಕಪ್ ಕೊಡಲು ಹೋಗಿ, ಅಪ್ಪನ ಕೊನೆಯ ದೊಡ್ಡ ಆಟವನ್ನೇ ಅವರಿಂದ ಕಸಿದುಕೊಂಡಿದ್ದಳು. ಗೆಲ್ಲಲು ಬರೀ ಅವರ ಎಲೆ, ಅವರ ತಲೆ ಸಾಕಿತ್ತೋ ಏನೋ! ಅದು ಇನ್ನು ಯಾರಿಗೂ ತಿಳಿಯುವಂತಿಲ್ಲ.

“ಇದನ್ನ ಯಾಕೆ ಮುಚ್ಚಿಟ್ರಿ? ನಾನು ಅಷ್ಟು ಬೈದ್ರೂ...”

“ಅವಳಾಗೇ ಹೇಳೋವರೆಗೂ ಬಾಯಿ ಬಿಡ್ಬೇಡ ಅಂದಿದ್ರು. ಯಾರನ್ನಾದ್ರೂ ಬೈಯ್ಲೇಬೇಕು ಅಂದ್ರೆ ನನ್ನನ್ನೇ ಬೈಲಿ ಅಂತ ನಾನೂ ಸುಮ್ಮನಾದೆ.”

“ಎರಡು ವರ್ಷ?”

“ಬೈಯೋಕಾದ್ರೂ ನನ್ನ ನೆನೆಸ್ಕೋತಿದ್ದೆಯಲ್ಲ.”

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ನಗು ಮತ್ತೆ ಅಳುವಾಯಿತು.

“ನಿಮ್ಮ ಮೇಲೆ ಪ್ರೀತಿ ಇದ್ದದ್ದಕ್ಕೇ ಅಷ್ಟು ಬೈದೆ. ಬೇರೆಯವರಾಗಿದ್ರೆ ಇಷ್ಟೊತ್ತಿಗೆ ಮರ್ತಿರ್ತಿದ್ದೆ.”

“ನಾನು ಒಂದು ದಿನನೂ ಮರೀಲಿಲ್ಲ, ಸುಯುನ್.”

ಅವನು ಕೆಳಗಿಳಿದು ಅವಳ ಪಕ್ಕ ಕೂತ. ಅವಳು ಅವನ ತೋಳಿಗೆ ಹಣೆ ಆನಿಸಿದಳು.

ಮೇಲಿನಿಂದ ಆಂಟಿ ಕೂಗಿದಳು. “ಅರ್ಧ ಆಟ ಬಿಟ್ಟು ಓಡಿದವರು ಸೋತ ಹಾಗೇ ಲೆಕ್ಕ, ತಿಳೀತಾ?” ಇಬ್ಬರೂ ಏಳಲಿಲ್ಲ.

“ನಾಳೆ ಅಪ್ಪನ ಸಮಾಧಿಗೆ ಹೋಗ್ಬೇಕು,” ಎಂದಳು ಸುಯುನ್. “ಅವರಿಗೆ ಹೇಳ್ಬೇಕು.”

“ಅವರಿಗೆ ಗೊತ್ತಿತ್ತಲ್ಲ...”

“ಗೊತ್ತಿತ್ತು. ನಾನೇ ಹೇಳ್ಲಿ ಅಂತ ಕಾಯ್ತಿದ್ರು.” ಅವಳು ತಲೆ ಎತ್ತಿದಳು. “ಹನ್ನೊಂದು ವಾರ ಪ್ರತಿ ರಾತ್ರಿ ಅವರ ಮಂಚದ ಪಕ್ಕದಲ್ಲೇ ಕೂತಿದ್ದೆ, ಬೋಯೆನ್. ಗಂಜಿ ಕುಡಿಸ್ದೆ, ಕಾಲೊತ್ತಿದೆ... ಅದೊಂದು ಮಾತು ಹೇಳ್ಲಿಲ್ಲ!”

ಅವನು ಅವಳ ಕೈ ಹಿಡಿದುಕೊಂಡ.

“ನಾಳೆ ಬೆಳಿಗ್ಗೆನೇ ಹೋಗೋಣ. ನೀನು ಹೇಳಿ ಮುಗಿಸೋವರೆಗೂ ನಾನು ಪಕ್ಕದಲ್ಲೇ ಇರ್ತೀನಿ.”