ಕಿನು ಅಜ್ಜಿಯ ಕಪ್ಪು ಬಟ್ಟಲು

ಇನ್ನೊಬ್ಬನ ಮನಸ್ಸಿನೊಳಗೆ ಹೊಕ್ಕು ಕತೆ ಹೇಳುವ ಹಕ್ಕು ನನಗೆಲ್ಲಿಂದ ಬಂತು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ತಪ್ಪಿದ್ದರೆ ಕ್ಷಮಿಸಿ. ಹೇಳದೆ ಇರಲೂ ಆಗುತ್ತಿಲ್ಲ.

ಸುಗಿತಾನಿಗೆ ಚುಚ್ಚಿದ್ದು ಒಂದು ನಗೆಮಾತು. ಜಪಾನಿನ ಮಾತ್ಸುಯೆ ಊರಿನ ನಮ್ಮ ಕೇರಿಯಲ್ಲಿ, ಒಂಟಿ ಮುದುಕರ ಮನೆಗಳಿಗೆ ಹೋಗಿ ಪುಕ್ಕಟೆ ಕೆಲಸ ಮಾಡಿಕೊಡುವವರಲ್ಲಿ ಅವನಷ್ಟು ನಂಬಿಗಸ್ತ ಬೇರೊಬ್ಬನಿರಲಿಲ್ಲ. ಸಂಧಿವಾತದಿಂದ ಬೆರಳು ಸೊಟ್ಟಗಾದ ಕಿನು ಅಜ್ಜಿ ಇನ್ನೂ ಸ್ವಂತ ಮನೆಯಲ್ಲೇ ಇದ್ದಾಳೆಂದರೆ ಅದಕ್ಕೆ ಅವನೇ ಕಾರಣ. ಕಸ ವಿಂಗಡಿಸಿ ಹೊರಗಿಡುತ್ತಿದ್ದ, ಬಚ್ಚಲಿಗೆ ಹಿಡಿಕೆ ಕೂರಿಸಿದ್ದ, ಅವಳ ಉಗುರನ್ನೂ ಕತ್ತರಿಸುತ್ತಿದ್ದ. ಒಮ್ಮೆ ಅಜ್ಜಿ ಅವನಿಗೆ ಮನೆತನದ ಕಪ್ಪು ಬಟ್ಟಲಿನಲ್ಲಿ ಚಹಾ ಕೊಟ್ಟಿದ್ದಳು. ಅಂಗೈಗೆ ಅದು ಕೂತ ರೀತಿಯನ್ನು ಅವನು ಮರೆಯಲಿಲ್ಲ. ಒಂದು ದಿನ ಅದು ತನಗೇ ಬರುತ್ತದೆ ಎಂದುಕೊಂಡಿದ್ದ.

ಆ ವಸಂತದಲ್ಲಿ ಅಜ್ಜಿ, ಬಟ್ಟಲನ್ನು ತನಗೆ ಚಹಾ ವಿಧಿ ಕಲಿಸಿದ ಗುರುವಿನ ಮಗಳಿಗೆ ಕೊಡುವುದಾಗಿ ಹೇಳಿದಳು. ಅವನ ಮುಖ ಸಣ್ಣದಾದದ್ದನ್ನು ಕಂಡಿರಬೇಕು.

"ನಿಮಗ್ಯಾಕೆ ಅದು, ಸುಗಿತಾನಿ ಸಾನ್? ಬಲ್ಬು ಹಾಕೋರಿಗೆ ಬಟ್ಟಲಿನ ಬೆಲೆ ಏನ್ ಗೊತ್ತಾಗುತ್ತೆ," ಎಂದು ನಕ್ಕಳು.

ಅವನೂ ನಕ್ಕ. ಮನೆಗೆ ನಡೆಯುವಾಗಲೇ ಉಪಾಯ ಹೊಳೆದಿತ್ತು.

ಅವಸರಪಡಲಿಲ್ಲ. ಅಜ್ಜಿ ತನಗೆ ಕೊಟ್ಟಿದ್ದ ಬೀಗದ ಕೈಯನ್ನು ಮುಟ್ಟುವಂತಿಲ್ಲ. ಹೊರಗಿನ ಕಳ್ಳನ ಕೆಲಸದಂತೆ ಕಾಣಬೇಕಾದರೆ ಕಿಟಕಿಯಿಂದಲೇ ಒಳಹೋಗಬೇಕು. ಗುರುವಾರ ಅಜ್ಜಿಯನ್ನು ವೃದ್ಧರ ಹಗಲು ಕೇಂದ್ರದ ವ್ಯಾನು ಕರೆದೊಯ್ಯುತ್ತದೆ. ಅದೇ ಹೊತ್ತಿಗೆ ಹಿಂದಿನ ಬೀದಿಯ ಕುರುಡ ಮುದುಕನ ತೋಟದ ಕೆಲಸ ಒಪ್ಪಿಕೊಂಡ. ಬೇಲಿ ಕತ್ತರಿಸುವ ಯಂತ್ರ ಗುರುಗುಟ್ಟುತ್ತಿದ್ದರೆ ಸಾಕು, ಸುಗಿತಾನಿ ಅಲ್ಲೇ ಇದ್ದಾನೆ ಎಂದು ಮುದುಕ ಆಣೆ ಮಾಡಿ ಹೇಳುತ್ತಾನೆ. ಯಂತ್ರವನ್ನು ಚಾಲೂ ಮಾಡಿ ಮರದ ಬುಡದಲ್ಲಿಟ್ಟು ಹಿತ್ತಲು ದಾಟಿದ.

ಅಜ್ಜಿಯ ಮನೆಯ ಕಿಟಕಿ ಗಾಜಿಗೆ ಟೇಪು ಅಂಟಿಸಿ ಸದ್ದಿಲ್ಲದೆ ಒಡೆದ. ಕೈಗವಸು ಇತ್ತು. ಕಾಲಿಗೆ ಯಾರೋ ಎಸೆದಿದ್ದ ದೊಡ್ಡ ಬೂಟು. ಬೂಟುಗಾಲಲ್ಲೇ ಚಾಪೆಯ ಮೇಲೆ ನಡೆಯುವಾಗ ಮೈ ಜುಮ್ಮೆಂದಿತು, ಆದರೂ ನಡೆದ. ಕಳ್ಳರು ಬೂಟು ಬಿಚ್ಚುವುದಿಲ್ಲ. ಹಾಸಿಗೆಗಳನ್ನು ಎಳೆದು ಹಾಕಿದ, ಡ್ರಾಯರುಗಳನ್ನು ಬೋರಲು ಮಾಡಿದ. ಬಟ್ಟಲಿಗಾಗಿಯೇ ಬಂದವನು ಎಂದು ತಿಳಿಯಬಾರದಲ್ಲ. ಅಡುಗೆಮನೆಯಲ್ಲಿ ಸಕ್ಕರೆ ಚೆಲ್ಲಿ, ಬಚ್ಚಿಟ್ಟ ನೋಟು ಹುಡುಕುವವನಂತೆ ಗೂಡಿನ ಜಾಡಿಗಳನ್ನೂ ಒಂದೊಂದಾಗಿ ತೆರೆದು ನೋಡಿ ಇಟ್ಟ. ಕೊನೆಗೆ ಬಟ್ಟಲು, ಜೊತೆಗೊಂದು ಕೈಗಡಿಯಾರ. ಗಡಿಯಾರ, ಬೂಟು ಆಮೇಲೆ ಊರಿನ ಸರೋವರದ ಪಾಲಾದವು. ಅವನು ಮರಳಿದಾಗ ಯಂತ್ರ ಇನ್ನೂ ಗುರುಗುಟ್ಟುತ್ತಿತ್ತು.

ಸಂಜೆ ಅವನು ಊಹಿಸಿದಂತೆ ಅವನನ್ನೇ ಕರೆಸಿದರು. ಪೊಲೀಸು ಗಾಜಿನ ಚೂರುಗಳ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಕಳ್ಳ ಹೊರಗಿನವನು, ಕೇರಿಯ ಬಗ್ಗೆ ಏನೂ ತಿಳಿಯದವನು ಎಂದ. ಅಜ್ಜಿಯ ತಂಗಿಯ ಮಗಳು ರಿತ್ಸುಕೊ ಬಂದಿದ್ದಳು. ಮುಖ ಕೆಂಪಾಗಿತ್ತು.

"ಸಾಕು ದೊಡ್ಡಮ್ಮ. ನಾಳೆನೇ ವೃದ್ಧಾಶ್ರಮಕ್ಕೆ ಮಾತಾಡ್ತೀನಿ. ಒಬ್ಬಳೇ ಇರೋದು ಇನ್ನು ಆಗಲ್ಲ."

ಇದನ್ನು ಸುಗಿತಾನಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತೋಳು ಮಡಚಿ ಅಡುಗೆಮನೆ ಗುಡಿಸಿದ, ಉಳಿದ ಸಕ್ಕರೆಯನ್ನು ಜಾಡಿಗೆ ತುಂಬಿದ.

ಅಜ್ಜಿ ಉಪ್ಪಿನ ಪ್ಲಮ್ ಹಣ್ಣಿನ ಜಾಡಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಇದನ್ನ ಬೆಳಿಗ್ಗೆ ರಿತ್ಸುಕೊನೇ ತಂದಳು," ಎಂದು ಪೊಲೀಸಿಗೆ ನಿಧಾನವಾಗಿ ಹೇಳಿದಳು. "ಅವಳು ಮುಚ್ಚಿದ್ರೆ ಗಂಡಸರಿಗೂ ತೆಗೆಯೋಕಾಗಲ್ಲ. ಸುಗಿತಾನಿ ಸಾನ್ ಬರ್ಲಿ ಅಂತ ಹಾಗೇ ಇಟ್ಟು ಹೋದೆ. ಈಗ ನೋಡಿ, ಮುಟ್ಟಿದರೆ ಬಿಚ್ಚಿಕೊಳ್ತು. ಎಲ್ಲಾ ಜಾಡಿನೂ ಹಾಗೇ, ಮುಚ್ಚಳ ಬಿಗಿ ಮಾಡದೆ ಒಂದಿಷ್ಟೇ ತಿರುಗಿಸಿ ಬಿಟ್ಟಿದ್ದಾನೆ. ನನ್ನ ಬೆರಳಿನ ನೋವು ಆ ಕಳ್ಳನಿಗೆ ಹೇಗೆ ಗೊತ್ತಾಯ್ತು?" ಪೊಲೀಸು ತಲೆ ಎತ್ತಿದ. ಅವನ ಕಣ್ಣು ಸುಗಿತಾನಿಯ ಕೈಗಳ ಮೇಲೆ ನಿಂತಿತು. ಆ ಕೈಗಳು, ಎಷ್ಟೋ ವರ್ಷದ ರೂಢಿಯಂತೆ, ಅಜ್ಜಿಗೆ ತೆಗೆಯಲು ಸುಲಭವಾಗಲೆಂದು, ಸಕ್ಕರೆ ಜಾಡಿಯ ಮುಚ್ಚಳವನ್ನು ಆಗಷ್ಟೇ ಒಂದಿಷ್ಟು ತಿರುಗಿಸಿ ಸಡಿಲ ಬಿಟ್ಟಿದ್ದವು. ಅಜ್ಜಿ ಆ ಮಾತನ್ನು ಬರೀ ಸೋಜಿಗದಿಂದ ಕೇಳಿದಳೋ, ಎಲ್ಲ ತಿಳಿದೇ ಕೇಳಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ.