ಬಂಗಲೆಯ ಉಣ್ಣೆ ಚಪ್ಪಲಿ

ಮಜೂರಿಯ ಎಂಬ ಸರೋವರಗಳ ಸೀಮೆಯಲ್ಲಿ, ನಮ್ಮ ಸರೋವರದ ಜೊಂಡಿನಲ್ಲಿ ಕ್ರೌಂಚ ಹಕ್ಕಿಗಳು ಗೂಡು ಕಟ್ಟುತ್ತವೆ. ಕದ್ದವರು ಸಿಕ್ಕಿಬೀಳಲೆಂದು ಪ್ರತಿ ಮೊಟ್ಟೆಯ ಮೇಲೂ ಇಲ್ಲಿನ ಕಾವಲುಗಾರನಾದ ನಾನು ಪೆನ್ಸಿಲಿನಿಂದ ಇಸವಿ ಬರೆಯುತ್ತೇನೆ. ಹೋದ ವರ್ಷ ಒಂದು ಕಳುವಾಯಿತು. ಇನ್ನೊಂದು ಹೋದರೆ ನನ್ನ ಕೆಲಸವೂ ಹೋಗುತ್ತಿತ್ತು.

ಹಾಗಾಗಿ ಈ ಏಪ್ರಿಲ್‌ನ ಒಂದು ಬೆಳಿಗ್ಗೆ ಹಕ್ಕಿ ನೋಡಲು ಬಂದವರಲ್ಲಿ ಕೊನೆಯವನ ಮೇಲೆ ಕಣ್ಣಿಟ್ಟೆ. ಕೆಸರಿನಲ್ಲಿ ಎಲ್ಲರ ಬೂಟು ಪಚಪಚ ಎನ್ನುತ್ತಿತ್ತು, ಅವನ ಹೆಜ್ಜೆಗೆ ಸದ್ದೇ ಇಲ್ಲ. ಅವನ ಕಾಲಲ್ಲಿ, ಹಳೆಯ ಜಮೀನ್ದಾರರ ಬಂಗಲೆಯ ಮರದ ನೆಲ ಗೀರದಂತೆ, ಅದನ್ನು ನೋಡಲು ಬರುವವರಿಗೆ ನಾವು ಬಾಗಿಲಲ್ಲೇ ಬೂಟಿನ ಮೇಲೆ ಹಾಕಿಸುವ ಉಣ್ಣೆ ಚಪ್ಪಲಿ.

"ಏನ್ ಸ್ವಾಮಿ, ಇಲ್ಲಿಂದ್ಲೇ ಹಾಕ್ಕೊಂಡ್ಬಿಟ್ರಾ?" ಎಂದೆ. ಎಲ್ಲರೂ ನಕ್ಕರು. ಅವನು ಗೂಡನ್ನೇ ನೋಡುತ್ತಿದ್ದ.

ಅಲ್ಲಿಂದ ಎಲ್ಲರನ್ನೂ ಕರೆದುಕೊಂಡು ಬಂಗಲೆ ಮುಟ್ಟುವಷ್ಟರಲ್ಲಿ ಅವನಿರಲಿಲ್ಲ.

"ಕಳ್ಳ ನಿನ್ನ ಚಪ್ಪಲೀನೂ ಎತ್ಕೊಂಡು ಹೋದ ಕಣೇ ಬ್ರೋನ್ಯಾ," ಎಂದೆ ಬಾಗಿಲು ಕಾಯುವವಳಿಗೆ.

"ಬೆಳಿಗ್ಗೇನೇ ಕುಡಿದ್ಯೇನೋ ಜೆನೆಕ್? ಬೀಗ ಈಗಷ್ಟೇ ತೆಗ್ದೆ. ಎಲ್ಲಾ ಜೋಡೀನೂ ಇಲ್ಲೇ ಇದೆ, ನೋಡು."

ನೋಡಿದೆ. ಯಾವುದಕ್ಕೂ ಕೆಸರು ಹತ್ತಿರಲಿಲ್ಲ. ಆದರೆ ಒಂದು ಜೋಡಿಯ ಒಳಗೆ ಕೈ ಹಾಕಿದರೆ ನೀರು, ಮಂಜಿನಷ್ಟು ತಣ್ಣಗೆ.

ಗೂಡಿಗೆ ಓಡಿದೆ. ಬೆಳಿಗ್ಗೆ ಎರಡು ಮೊಟ್ಟೆ ಇದ್ದವು, ಈಗ ಮೂರು. ಮೂರನೆಯದರ ಮೇಲೆ ನನ್ನದೇ ಕೈಬರಹದಲ್ಲಿ ಹೋದ ವರ್ಷದ ಇಸವಿ ಇತ್ತು. ಮುಟ್ಟಿದೆ. ಇನ್ನೂ ಬೆಚ್ಚಗಿತ್ತು.